ಲೇಬಲಿನ ಚಿತ್ರವೂ ತೋಟವನ್ನು ಕಾಯುವ ಜೀವಿಗಳೂ

ಒಕ್ಕಲಿಗನ ಸರಕು ಪೇಟೆಗೆ ಎರಡು ರೀತಿಯಾಗಿ ಹೋಗುವುದುಂಟು. ಗೋಣಿಚೀಲದಲ್ಲಿ ತುಂಬಿ ಹೆಸರಿಲ್ಲದೆ ಹೋಗುವುದು ಒಂದು ರೀತಿ. ಬೆಳೆದವರ ಹೆಸರನ್ನೂ ಊರನ್ನೂ ಹೊತ್ತು ಪೊಟ್ಟಣದಲ್ಲಿಯೋ ಸೀಸೆಯಲ್ಲಿಯೋ ಹೋಗುವುದು ಇನ್ನೊಂದು ರೀತಿ. ಮೊದಲನೆಯದಕ್ಕೆ ಪೇಟೆಯ ಧಾರಣೆಯೇ ಕಡೆಯ ಮಾತು. ಎರಡನೆಯದರಲ್ಲಿ ಧಾರಣೆಯೊಡನೆ ಕೊಳ್ಳುವವರ ನಂಬಿಕೆಯೂ ಸೇರುತ್ತದೆ. ಶಿರಸಿಯಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿರುವ ಎಕ್ಕಂಬಿಯ ಸುತ್ತಮುತ್ತ ಗದ್ದೆ, ತೋಟ, ಕಾಡು ಮೂರೂ ಒಂದಕ್ಕೊಂದು ತಾಗಿಕೊಂಡಿವೆ. ಇಲ್ಲಿಯ ಮೆಣಸು, ಜೇನುತುಪ್ಪ, ಮುರುಗಲು, ಅಕ್ಕಿ ಮೊದಲಾದ ಪದಾರ್ಥಗಳನ್ನು ಪೊಟ್ಟಣ ಕಟ್ಟಿ ಮಾರುವ ಪ್ರಯತ್ನಗಳು ಹೆಚ್ಚುತ್ತಿರುವುದರಿಂದ, ಪೊಟ್ಟಣದ ಮೇಲೆ ಯಾವ ಚಿತ್ರವಿರಬೇಕೆಂಬ ಪ್ರಶ್ನೆಯು ಚಿಕ್ಕದಾಗಿ ಕಂಡರೂ ಅಲಕ್ಷ್ಯ ಮಾಡತಕ್ಕದ್ದಲ್ಲ.

ಪರದೇಶಗಳ ಕೆಲವು ದ್ರಾಕ್ಷಿ ಬೆಳೆಗಾರರು ತಮ್ಮ ತೋಟವನ್ನು ಇಲಿ, ಹುಳು, ಶಂಖುಹುಳುಗಳಿಂದ ಕಾಯುವ ಪ್ರಾಣಿಪಕ್ಷಿಗಳ ಚಿತ್ರವನ್ನೇ ವೈನಿನ ಸೀಸೆಯ ಮೇಲೆ ಅಚ್ಚು ಹಾಕಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಮದ್ಯವನ್ನು ಪ್ರಶಂಸಿಸುವುದು ಈ ಲೇಖನದ ಉದ್ದೇಶವಲ್ಲ. ಆ ಪದ್ಧತಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಭೂಮಾಲೀಕರು ಗ್ರಹಿಸಬಹುದಾದ ಅಂಶವೇನು, ಬಿಡಬೇಕಾದ ಅಂಶವೇನು ಎಂಬುದನ್ನು ವಿವರಿಸುವುದಷ್ಟೇ ಇದರ ಪ್ರಯೋಜನವು.

ದ್ರಾಕ್ಷಿ ತೋಟದ ವಿದ್ಯೆಯು ಅಡಿಕೆ ತೋಟಕ್ಕೆ ಬರುವುದು ಹೊಸದೇನೂ ಅಲ್ಲ. ಮಳೆಗಾಲಕ್ಕೆ ಮುಂಚೆ ಕೊಳೆರೋಗದ ನಿವಾರಣೆಗಾಗಿ ಅಡಿಕೆಯ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣವು ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. ದಾರಿಹೋಕರು ಹಣ್ಣು ಕೀಳದಿರಲೆಂದು ಅಲ್ಲಿಯ ಬೆಳೆಗಾರರು ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜು ರೋಗವು ತಗಲದಿರುವುದನ್ನು ಮಿಲಾರ್ದೆ ಎಂಬ ಪ್ರಾಧ್ಯಾಪಕರು ಗಮನಿಸಿ ೧೮೮೫ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಗಳು ೧೯೧೦ರ ಸುಮಾರಿಗೆ ಈ ಔಷಧವನ್ನು ಅಡಿಕೆಗೆ ವಿಧಿಸಿದರು. ಕಳ್ಳರನ್ನು ಹೆದರಿಸಲು ಮಾಡಿದ ಉಪಾಯವು ರೋಗವನ್ನು ತಡೆಯಿತೆಂಬ ಸಂಗತಿಯಿಂದ, ತೋಟದಲ್ಲಿ ನಡೆಯುವುದನ್ನು ಕಣ್ಣಿಟ್ಟು ನೋಡುವವನಿಗೆ ಲಾಭವುಂಟೆಂಬುದು ವಿಶದವಾಗುತ್ತದೆ.

ಸೀಸೆಯ ಮೇಲಣ ಚಿತ್ರದಲ್ಲಿ ಎರಡು ಬಗೆ

ವೈನಿನ ಸೀಸೆಗೆ ಚಿತ್ರಕಾರರಿಂದ ಲೇಬಲು ಬರೆಯಿಸುವ ಪದ್ಧತಿಯು ಬೋರ್ಡೋ ಸೀಮೆಯಲ್ಲಿಯೇ ಹೆಸರಾಯಿತು. ಅಲ್ಲಿಯ ಮೂಟೊನ್ ರಾಥ್‌ಶೀಲ್ಡ್ ಎಂಬ ತೋಟದವರು ೧೯೨೪ರಲ್ಲಿ ಜ್ಯಾನ್ ಕಾರ್ಲು ಎಂಬ ಚಿತ್ರಕಾರರಿಂದ ಲೇಬಲನ್ನು ಬರೆಯಿಸಿದರು. ೧೯೪೫ರಿಂದೀಚೆಗೆ ಒಂದೊಂದು ವರ್ಷದ ಸರಕಿಗೆ ಒಬ್ಬೊಬ್ಬ ಚಿತ್ರಕಾರರನ್ನು ಗೊತ್ತುಮಾಡುವುದು ಅಲ್ಲಿಯ ವಾಡಿಕೆಯಾಯಿತು. ಕರ್ನಾಟಕದಲ್ಲಿ ನಂದಿಬೆಟ್ಟದ ಸೀಮೆಯ ದೊಡ್ಡಬಳ್ಳಾಪುರದ ಬಳಿ ತೋಟವಿರುವ ಗ್ರೋವರ್ ಝಂಪಾ ಸಂಸ್ಥೆಯು ಭಾರತೀಯ ಚಿತ್ರಕಾರರ ಕೃತಿಗಳನ್ನು ಸೀಸೆಗಳ ಮೇಲೆ ಅಚ್ಚು ಹಾಕಿಸಿದೆ.

ಪ್ರಾಣಿಗಳ ಚಿತ್ರವು ವಿಶೇಷವಾಗಿ ಹಬ್ಬಿದ್ದು ಈ ಶತಮಾನದ ಆರಂಭದಲ್ಲಿ. ಯೆಲ್ಲೊ ಟೇಲ್ ಎಂಬ ಆಸ್ಟ್ರೇಲಿಯಾದ ವೈನು ೨೦೦೧ರಲ್ಲಿ ಅಮೆರಿಕದ ಪೇಟೆಗೆ ಬಂದಾಗ ಅದರ ಸೀಸೆಯ ಮೇಲೆ ಕಾಂಗರೂ ಜಾತಿಗೆ ಸೇರಿದ ವಾಲಬಿ ಎಂಬ ಪ್ರಾಣಿಯ ಚಿತ್ರವಿತ್ತು. ಆ ಸರಕಿಗೆ ಬಂದ ಗಿರಾಕಿಯನ್ನು ಕಂಡು ಇತರರೂ ಕಪ್ಪೆ, ಕರಡಿ, ಹಕ್ಕಿಗಳ ಚಿತ್ರಗಳನ್ನು ಹಾಕಿಸತೊಡಗಿದರು. ಆ ಪ್ರಾಣಿಗಳಲ್ಲಿ ಬಹುತೇಕವು ದ್ರಾಕ್ಷಿ ತೋಟಕ್ಕೆ ಯಾವ ಉಪಕಾರವನ್ನೂ ಮಾಡಿದವುಗಳಲ್ಲ. ಕಣ್ಣನ್ನು ಸೆಳೆಯುವುದೇ ಅವುಗಳ ಕೆಲಸವು.

ಇನ್ನೊಂದು ಬಗೆಯ ಚಿತ್ರಕ್ಕೆ ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಶ್ ಸಮೀಪದಲ್ಲಿರುವ ಫರ್ಗನೂಗ್ಡ್ ಲೋವ್ ಎಂಬ ತೋಟವು ನಿದರ್ಶನವಾಗಿದೆ. ಅಲ್ಲಿ ರನ್ನರ್ ಎಂಬ ಜಾತಿಯ ನೂರಾರು ಬಾತುಗಳನ್ನು ಸಾಕಿ, ದ್ರಾಕ್ಷಿಯ ಸಾಲುಗಳೊಳಗೆ ಹಿಂಡುಹಿಂಡಾಗಿ ಬಿಡುತ್ತಾರೆ. ಅವು ಎಳೆ ಚಿಗುರನ್ನು ತಿನ್ನುವ ಶಂಖುಹುಳುಗಳನ್ನು ಆರಿಸಿ ತಿನ್ನುತ್ತವೆ. ಆ ತೋಟದ ಒಂದು ವೈನಿಗೆ ಬಾತಿನ ಹೆಸರನ್ನೇ ಇಡಲಾಗಿದೆ. ಇಲ್ಲಿ ಚಿತ್ರವು ಬರಿಯ ಅಲಂಕಾರವಾಗದೆ ಸಂಬಳವಿಲ್ಲದೆ ದುಡಿಯುವ ಕಾವಲುಗಾರನ ಗುರುತಾಗಿದೆ. ಮೊದಲನೆಯ ಬಗೆಯ ಚಿತ್ರವನ್ನು ಯಾರು ಬೇಕಾದರೂ ಅನುಕರಿಸಬಹುದು. ಎರಡನೆಯದನ್ನು ಕೆಲಸ ಮಾಡಿದವನು ಮಾತ್ರ ಹಾಕಿಸಬಹುದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯವು.

ಚಿತ್ರದ ಹಿಂದಿರುವ ಕೆಲಸ

ಬಾತುಗಳು ಸಾಕಿದ ಜೀವಿಗಳು. ಕಾಡು ಜೀವಿಗಳಿಂದಾಗುವ ರಕ್ಷಣೆಯನ್ನು ಕುರಿತು ಕೆಲವು ದೇಶಗಳಲ್ಲಿ ಶಾಸ್ತ್ರೀಯವಾದ ಪರಿಶೀಲನೆಗಳು ನಡೆದಿವೆ. ನ್ಯೂಜಿಲೆಂಡಿನ ಮಾರ್ಲ್‌ಬರೋ ಸೀಮೆಯಲ್ಲಿ ೨೦೦೫ರಿಂದ ಕಾರೆಆರೆಆ ಎಂಬ ಆ ದೇಶದ ಡೇಗೆಯ ಮರಿಗಳನ್ನು ಬೆಟ್ಟಗಳಿಂದ ತಂದು ದ್ರಾಕ್ಷಿ ತೋಟಗಳಲ್ಲಿ ನೆಲೆಗೊಳಿಸುವ ಪ್ರಯತ್ನವು ನಡೆಯಿತು. ಯೂರೋಪಿನಿಂದ ಬಂದು ಅಲ್ಲಿ ನೆಲೆಸಿದ ಹಕ್ಕಿಗಳು ಹಣ್ಣನ್ನು ಕಿತ್ತು ತಿನ್ನುವುದು ಅಲ್ಲಿಯ ದೊಡ್ಡ ಕಾಟವಾಗಿತ್ತು. ಡೇಗೆಯಿರುವ ತೋಟಗಳನ್ನೂ ಇಲ್ಲದ ತೋಟಗಳನ್ನೂ ಹೋಲಿಸಿ ೨೦೧೨ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಡೇಗೆಯಿರುವ ಕಡೆ ಹಕ್ಕಿಗಳು ಕಿತ್ತ ಹಣ್ಣುಗಳ ಸಂಖ್ಯೆಯು ನೂರಕ್ಕೆ ೯೫ರಷ್ಟು ಕಡಮೆಯಾಗಿದ್ದಿತೆಂದು ಹೇಳಿದೆ. ಇದೇ ಹಕ್ಕಿಯ ಚಿತ್ರವು ಆ ದೇಶದ ೨೦ ಡಾಲರಿನ ನೋಟಿನ ಮೇಲೂ ಇರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ನಾಪಾ ಕಣಿವೆಯಲ್ಲಿ ಬೆಳೆಗಾರರು ಕಣಜದ ಗೂಬೆಗಾಗಿ ಮರದ ಪೆಟ್ಟಿಗೆಗಳನ್ನು ಕಂಬಗಳ ಮೇಲೆ ನಿಲ್ಲಿಸಿರುತ್ತಾರೆ. ಬಳ್ಳಿಯ ಬೇರನ್ನು ಕಡಿಯುವ ಇಲಿಜಾತಿಯ ಪ್ರಾಣಿಗಳೇ ಈ ಗೂಬೆಯ ಆಹಾರ. ಮರಿಗಳುಳ್ಳ ಒಂದು ಗೂಬೆಯ ಸಂಸಾರವು ವರ್ಷವೊಂದಕ್ಕೆ ೩,೦೦೦ಕ್ಕೆ ಮೇಲ್ಪಟ್ಟು ಇಂಥ ಪ್ರಾಣಿಗಳನ್ನು ಹಿಡಿಯುವುದೆಂದು ಅಲ್ಲಿಯ ಸಂಶೋಧಕರ ಅಂದಾಜು. ಮಲೇಷ್ಯಾ ದೇಶದ ಎಣ್ಣೆತಾಳೆಯ ತೋಟಗಳಲ್ಲಿಯೂ ಇದೇ ಗೂಬೆಗೆ ಪೆಟ್ಟಿಗೆಯನ್ನಿಟ್ಟು ಇಲಿಯ ಕಾಟವನ್ನು ತಗ್ಗಿಸುವ ಕ್ರಮವಿದೆ. ಬೋರ್ಡೋ ಸೀಮೆಯಲ್ಲಿ ೨೦೧೭ರಲ್ಲಿ ನಡೆದ ಪರಿಶೀಲನೆಯಲ್ಲಿ ಚಿಕ್ಕ ಬಾವಲಿಗಳ ಹಿಕ್ಕೆಯನ್ನು ಪರೀಕ್ಷಿಸಿದಾಗ, ದ್ರಾಕ್ಷಿಯ ಗೊಂಚಲನ್ನು ಕೊರೆಯುವ ಹುಳುವಿನ ಪತಂಗಗಳನ್ನು ಅವು ತಿನ್ನುತ್ತಿದ್ದವೆಂಬುದು ತಿಳಿದುಬಂದಿತು.

ಕರ್ನಾಟಕದ ಎರಡು ನಿದರ್ಶನಗಳು

ಈ ವಿಷಯವು ಕರ್ನಾಟಕಕ್ಕೆ ಹೊರತಾದದ್ದಲ್ಲ. ದ್ರಾಕ್ಷಿಯ ಗೊಂಚಲಿಗೆ ಹತ್ತುವ ಹಿಟ್ಟುತಿಗಣೆಯನ್ನು ತಿನ್ನುವುದಕ್ಕಾಗಿ ಬಿಡುವ ಗುಲಗಂಜಿ ಹುಳುವು ಮೂಲತಃ ಆಸ್ಟ್ರೇಲಿಯಾದ್ದು. ೧೮೯೮ರಲ್ಲಿ ಕಾಫಿಯ ಹಸುರು ಶಲ್ಕಕೀಟವನ್ನು ನಿಗ್ರಹಿಸಲೆಂದು ಅದನ್ನು ದಕ್ಷಿಣ ಭಾರತಕ್ಕೆ ತರಲಾಯಿತು. ಆ ಕೆಲಸದಲ್ಲಿ ಅದು ಅಷ್ಟಾಗಿ ಫಲಿಸದಿದ್ದರೂ ಕಾಲಾನಂತರದಲ್ಲಿ ಹಿಟ್ಟುತಿಗಣೆಗೆ ಪ್ರಬಲ ಶತ್ರುವೆಂದು ಕಂಡುಬಂದಿತು. ಇದರ ಮರಿಹುಳುವಿನ ಮೈಮೇಲೆ ಬಿಳಿಯ ಮೇಣದ ಎಳೆಗಳಿರುವುದರಿಂದ ನೋಡುವವರಿಗೆ ಅದೇ ಹಿಟ್ಟುತಿಗಣೆಯಂತೆ ತೋರುತ್ತದೆ. ಇದನ್ನು ತಿಳಿಯದ ಬೆಳೆಗಾರರು ಔಷಧ ಹೊಡೆದು ಶತ್ರುವಿನೊಡನೆ ಮಿತ್ರನನ್ನೂ ಕೊಂದಿರುವುದುಂಟು. ಮಿತ್ರನ ಚಿತ್ರವನ್ನು ಎಲ್ಲರೂ ಕಾಣುವಂತೆ ಮಾಡುವುದರಿಂದ ಆಗುವ ಮೊದಲ ಪ್ರಯೋಜನವು ಇದೇ: ಕೊಳ್ಳುವವನಿಗಿಂತ ಮುಂಚೆ ಬೆಳೆಯುವವನೇ ಅದನ್ನು ಗುರುತಿಸಲು ಕಲಿಯುತ್ತಾನೆ.

ಎರಡನೆಯ ನಿದರ್ಶನವು ಕಾಫಿಯದು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬೆಳೆಗಾರರೇ ಮೊದಲಾದವರಿಂದ ಕಾಫಿಯನ್ನು ಕೊಂಡು ಮಾರುವ ಬೆಂಗಳೂರಿನ ಬ್ಲ್ಯಾಕ್ ಬಾಜಾ ಎಂಬ ಸಂಸ್ಥೆಯು ಒಂದು ಹಕ್ಕಿಯ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿದೆ. ಅದು ತಲೆಯ ಮೇಲೆ ಜುಟ್ಟುಳ್ಳ, ದೊಡ್ಡ ಕೀಟಗಳನ್ನು ಹಿಡಿದು ತಿನ್ನುವ ಒಂದು ಕಪ್ಪು ಬೇಟೆಹಕ್ಕಿ. ನೆರಳಿಗೆ ನಾಡಮರಗಳನ್ನು ಉಳಿಸಿಕೊಳ್ಳುವುದು ಮತ್ತು ವಿಷವನ್ನು ಬಳಸದಿರುವುದು ಆ ವ್ಯಾಪಾರದ ಕಟ್ಟಳೆಗಳಾಗಿವೆ. ಹೆಸರಿಗೂ ತೋಟದಲ್ಲಿ ನಡೆಯುವ ಕೆಲಸಕ್ಕೂ ಇಲ್ಲಿ ಸಂಬಂಧವಿರುವುದನ್ನು ಗಮನಿಸಬೇಕು.

ಎಕ್ಕಂಬಿ ಸೀಮೆಯ ಕಾವಲುಗಾರರು

ಈ ಸೀಮೆಯ ಗದ್ದೆತೋಟಗಳನ್ನು ಕಾಯುವ ಜೀವಿಗಳಲ್ಲಿ ಮುಖ್ಯವಾದವುಗಳನ್ನು ಇಲ್ಲಿ ಹೇಳಲಾಗಿದೆ.

ಗೂಬೆ ಮತ್ತು ಹಾಲಕ್ಕಿ. ಇವೆರಡೂ ರಾತ್ರಿಯಲ್ಲಿ ಬೇಟೆಯಾಡುವವು. ಕಣಜದ ಗೂಬೆಯು ಹೆಚ್ಚಾಗಿ ಇಲಿಗಳನ್ನೂ, ಹಾಲಕ್ಕಿಯು ಚಿಕ್ಕ ಇಲಿಗಳೊಡನೆ ದೊಡ್ಡ ದುಂಬಿಗಳನ್ನೂ ಹಿಡಿಯುತ್ತವೆ. ಇವುಗಳ ದನಿಯನ್ನು ಅಪಶಕುನವೆಂದು ಎಣಿಸಿ ಓಡಿಸುವವರು ಕಣಜದ ಕಾವಲನ್ನೇ ಓಡಿಸಿದಂತೆ ಆಗುತ್ತದೆ.

ಕೇರೆಹಾವು. ಇದಕ್ಕೆ ವಿಷವಿಲ್ಲ. ಬಿಲದೊಳಕ್ಕೇ ನುಗ್ಗಿ ಇಲಿಯನ್ನು ಹಿಡಿಯುವ ಸಾಮರ್ಥ್ಯವು ಗೂಬೆಗಿಲ್ಲ, ಇದಕ್ಕಿದೆ. ನಾಗರಹಾವೆಂಬ ಭ್ರಾಂತಿಯಿಂದ ಇದನ್ನು ಕೊಲ್ಲುವುದು ಬಹಳ.

ಚಿಕ್ಕ ಬಾವಲಿ. ಹಣ್ಣು ತಿನ್ನುವ ದೊಡ್ಡ ಬಾವಲಿಯು ಬೇರೆ, ಹುಳು ತಿನ್ನುವ ಚಿಕ್ಕದು ಬೇರೆ. ಅಡಿಕೆಯ ಬೇರನ್ನು ತಿನ್ನುವ ಗೊಣ್ಣೆಹುಳುವಿನ ದುಂಬಿಗಳು ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಮುಸ್ಸಂಜೆಯಲ್ಲಿ ನೆಲದಿಂದೆದ್ದು ಹಾರುತ್ತವೆ. ಅದೇ ಹೊತ್ತಿಗೆ ಬಾವಲಿಗಳೂ ಬೇಟೆಗೆ ಹೊರಡುತ್ತವೆ. ಹಗಲಿನಲ್ಲಿ ತೋಟದ ಮಣ್ಣನ್ನು ಅಗೆದಾಗ ಮೇಲೆ ಬಂದ ಗೊಣ್ಣೆಹುಳುಗಳನ್ನು ಕಾಗೆ, ಗೊರವಂಕಗಳು ಆರಿಸುತ್ತವೆ.

ಬೆಳ್ಳಕ್ಕಿ ಮತ್ತು ಕಾಜಾಣ. ಶಿರಸಿ ತಾಲೂಕಿನ ಸೋಂದಾದ ಮುಂಡಿಗೆಕೆರೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಮುಂಡಿಗೆಯ ಗಿಡಗಳ ಮೇಲೆ ಗೂಡು ಕಟ್ಟಿ ಮರಿ ಮಾಡುವುದನ್ನು ಬಹಳ ಜನರು ನೋಡಿರುತ್ತಾರೆ. ಉತ್ತರದ ಮುಂಡಗೋಡ ತಾಲೂಕಿನ ಅತ್ತಿವೇರಿಯ ಜಲಾಶಯವು ಪಕ್ಷಿಧಾಮವಾಗಿದೆ. ಬೆಳ್ಳಕ್ಕಿಗಳು ನೇಗಿಲಿನ ಹಿಂದೆಯೂ ದನಗಳ ಹಿಂದೆಯೂ ನಡೆದು ಹುಳುಗಳನ್ನು ತಿನ್ನುತ್ತವೆ. ಕಾಜಾಣವು ಎತ್ತರದಲ್ಲಿ ಕುಳಿತು ಹಾರುವ ಕೀಟಗಳನ್ನು ಹಿಡಿಯುವ ಹಕ್ಕಿಯಾದುದರಿಂದ ಗದ್ದೆಯಲ್ಲಿ ಅಲ್ಲಲ್ಲಿ ಅಡ್ಡಗೂಟವುಳ್ಳ ಕಂಬಗಳನ್ನು ನೆಟ್ಟರೆ ಅನುಕೂಲವು. ತೆನೆ ಬಲಿಯುವ ಕಾಲಕ್ಕೆ ಆ ಕಂಬಗಳನ್ನು ಕಿತ್ತುಬಿಡಬೇಕು. ಇಲ್ಲವಾದರೆ ಕಾಳು ತಿನ್ನುವ ಹಕ್ಕಿಗಳು ಅವುಗಳನ್ನೇರುವವು.

ಕಪ್ಪೆ. ಗದ್ದೆಯ ಕೀಟಗಳಿಗೆ ಕಪ್ಪೆಯು ಶತ್ರು. ಕಪ್ಪೆಯ ಕಾಲುಗಳನ್ನು ಪರದೇಶಕ್ಕೆ ಕಳುಹಿಸುವ ವ್ಯಾಪಾರವನ್ನು ಭಾರತ ಸರಕಾರವು ೧೯೮೭ರಲ್ಲಿ ನಿಲ್ಲಿಸಿತು.

ಚಗಳಿ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಯು ಗೇರಿನ ಚಿಗುರನ್ನು ಹೀರುವ ಸೊಳ್ಳೆತಿಗಣೆಯನ್ನು ಹತ್ತಿರ ಬರಗೊಡದು. ಚೀನ ದೇಶದಲ್ಲಿ ಕಿತ್ತಳೆ ಜಾತಿಯ ಮರಗಳ ರಕ್ಷಣೆಗಾಗಿ ಇದರ ಗೂಡುಗಳನ್ನು ಸಂತೆಯಲ್ಲಿ ಮಾರುತ್ತಿದ್ದರೆಂದು ಕ್ರಿ. ಶ. ೩೦೪ರದೆಂದು ಹೇಳುವ ಗ್ರಂಥವೊಂದರಲ್ಲಿದೆ. ಆದರೆ ಸಿಹಿ ರಸದ ಆಸೆಯಿಂದ ಇದು ಹಿಟ್ಟುತಿಗಣೆಗಳನ್ನು ಪೋಷಿಸುವುದೂ ಉಂಟು. ಕೊಯ್ಲಿನವರನ್ನು ಕಚ್ಚುವುದೂ ಉಂಟು. ಆದುದರಿಂದ ಎಲ್ಲ ಬೆಳೆಗೂ ಇದು ಮಿತ್ರನೆಂದು ಹೇಳಲಾಗದು.

ಕಾಡಿನ ಜೀವಿಗಳೆಲ್ಲವೂ ಒಕ್ಕಲಿಗನಿಗೆ ಹಿತವೆಂದು ಇದರಿಂದ ತಿಳಿಯಬಾರದು. ಮಂಗ, ಕಾಡುಹಂದಿ, ಕಾಡುಕೋಣಗಳಿಂದಾಗುವ ನಷ್ಟವು ಸರ್ವವಿದಿತವಾಗಿದೆ. ಗೂಬೆಯೊಂದರಿಂದಲೇ ಇಲಿಯ ಕಾಟವು ಪೂರ್ಣವಾಗಿ ನಿಲ್ಲುವುದೂ ಇಲ್ಲ. ನಷ್ಟ ಮಾಡುವ ಜೀವಿ ಯಾವುದು, ಅದನ್ನು ತಗ್ಗಿಸುವ ಜೀವಿ ಯಾವುದು ಎಂಬುದನ್ನು ಬೇರ್ಪಡಿಸಿ ತಿಳಿಯುವುದೇ ವಿವೇಕವು.

ಚಿತ್ರ ಬರೆಯುವ ಕೈಗಳು

ಇಂಥ ಚಿತ್ರಗಳಿಗಾಗಿ ಪರಸ್ಥಳದ ಮಾದರಿಯನ್ನು ಹುಡುಕುವ ಅವಶ್ಯಕತೆಯಿಲ್ಲ. ಶಿರಸಿಯ ಮಾರಿಕಾಂಬಾ ದೇವಾಲಯದಲ್ಲಿ ಕಾವಿಯ ಕೆಂಪಿನಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಸಾಗರ, ಸೊರಬ, ಸಿದ್ದಾಪುರ ಮೊದಲಾದ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರವನ್ನು ಬರೆಯುತ್ತಾರೆ. ಆಶ್ವಯುಜದ ಭೂಮಿ ಹುಣ್ಣಿಮೆಗಾಗಿ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣುಗಳನ್ನು ಬಳಿದು, ಅಕ್ಕಿಯ ಹಿಟ್ಟಿನ ಬಿಳಿಯಿಂದ ಚಿತ್ರ ಬರೆದು, ಅದರಲ್ಲಿ ಅಡಿಗೆಯನ್ನಿಟ್ಟು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯನ್ನು ಅರಿಯದವರು ಈ ಸೀಮೆಯಲ್ಲಿಲ್ಲ. ಬಸುರಿಯಾದ ಭೂಮಿತಾಯಿಗೆ ಮಾಡುವ ಆ ಸೀಮಂತದಲ್ಲಿ ಒಂದು ಎಡೆಯನ್ನು ಮಣ್ಣಿನಲ್ಲಿ ಹೂಳುವುದು, ಕಾಗೆಗೂ ಇಲಿಗೂ ಒಂದೊಂದು ಎಡೆಯನ್ನು ಇಡುವುದು ಪದ್ಧತಿ. ಬೆಳೆಯ ಮೇಲೆ ಇತರ ಜೀವಿಗಳಿಗೂ ಹಕ್ಕುಂಟೆಂಬ ಭಾವನೆಯು ಸೀಸೆಯ ಲೇಬಲಿಗಿಂತ ಬಹಳ ಹಿಂದಿನಿಂದಲೇ ಈ ಬುಟ್ಟಿಯ ಮೇಲಿದೆ.

ಪೊಟ್ಟಣದ ಚಿತ್ರವನ್ನು ಈ ಕಲೆಯಲ್ಲಿ ಪಳಗಿದ ಹೆಂಗಸರಿಂದಲೇ ಬರೆಯಿಸುವುದು ಯೋಗ್ಯವು. ಆದರೆ ಅವರ ಚಿತ್ರವನ್ನು ಹೇಳದೆ ಕೇಳದೆ ಅಚ್ಚು ಹಾಕಿಸುವುದು ಅನ್ಯಾಯ. ಬರೆದವರಿಗೆ ತಕ್ಕ ಹಣವನ್ನು ಕೊಟ್ಟು, ಅವರ ಒಪ್ಪಿಗೆಯಿದ್ದಲ್ಲಿ ಹೆಸರನ್ನೂ ಪೊಟ್ಟಣದ ಮೇಲೆ ಹಾಕತಕ್ಕದ್ದು.

ಲೇಬಲಿಗಿಂತ ಮೊದಲು ಮಾಡತಕ್ಕ ಕೆಲಸಗಳು

೧. ಇಲಿಪಾಷಾಣವನ್ನು ನಿಲ್ಲಿಸುವುದು. ಬ್ರೋಮಾಡಯೋಲೋನ್ ಎಂಬ ವಿಷವು ರಕ್ತವನ್ನು ಹೆಪ್ಪುಗಟ್ಟಗೊಡದೆ ಇಲಿಯನ್ನು ಕೆಲವು ದಿವಸಗಳಲ್ಲಿ ಕೊಲ್ಲುತ್ತದೆ. ಅಷ್ಟರೊಳಗೆ ನಿತ್ರಾಣವಾಗಿ ತಿರುಗುವ ಇಲಿಯು ಗೂಬೆಗೆ ಸುಲಭವಾಗಿ ಸಿಕ್ಕುವುದರಿಂದ ವಿಷವು ಗೂಬೆಯ ಹೊಟ್ಟೆಯನ್ನು ಸೇರುತ್ತದೆ. ಮನೆ, ಕಣಜಗಳಲ್ಲಿ ಬೋನನ್ನು ಉಪಯೋಗಿಸಬೇಕು.

೨. ಪೊಟರೆಯುಳ್ಳ ಮರಗಳನ್ನು ಉಳಿಸುವುದು. ಈ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದ್ದು, ಅಲ್ಲಿಯ ಮರಗಳ ಯೋಗಕ್ಷೇಮವು ತೋಟದವರ ಕೈಯಲ್ಲಿದೆ. ಸೊಪ್ಪು ಕಡಿಯುವಾಗ ಹಳೆಯ ಟೊಳ್ಳು ಮರಗಳನ್ನು ನಿರುಪಯೋಗಿಗಳೆಂದು ಕೆಡಹಬಾರದು. ಗೂಬೆಗೂ ಬಾವಲಿಗೂ ಅವೇ ಮನೆಗಳು.

೩. ಗೂಬೆಗೆ ಪೆಟ್ಟಿಗೆಯನ್ನಿಡುವುದು. ಸುಮಾರು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರವುಳ್ಳ ಮರದ ಪೆಟ್ಟಿಗೆಗೆ ಆರು ಅಂಗುಲದ ಬಾಗಿಲನ್ನಿಟ್ಟು, ಹತ್ತರಿಂದ ಹದಿನೈದು ಅಡಿ ಎತ್ತರದಲ್ಲಿ ನಿಲ್ಲಿಸಬೇಕು. ಬಾಗಿಲು ಮುಂಗಾರಿನ ಗಾಳಿಮಳೆಗೆ ಎದುರಾಗಿರಬಾರದು. ವಾಹನಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಇಡಬಾರದು.

೪. ಪುರಾವೆಯನ್ನು ಬರೆದಿಡುವುದು. ಗೂಬೆಯು ತಿಂದ ಪ್ರಾಣಿಯ ರೋಮವನ್ನೂ ಎಲುಬನ್ನೂ ಉಂಡೆಗಟ್ಟಿ ಕಾರುತ್ತದೆ. ಪೆಟ್ಟಿಗೆಯ ಕೆಳಗೆ ಬಿದ್ದ ಉಂಡೆಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ಇಲಿಗಳ ತಲೆಬುರುಡೆಗಳನ್ನು ಎಣಿಸಬಹುದು. ಒಂದು ವರ್ಷ ಹೀಗೆ ಎಣಿಸಿ ಬರೆದಿಟ್ಟವರಿಗೆ ತಮ್ಮ ಚಿತ್ರವನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಗದು.

೫. ಕಾನೂನನ್ನು ಅನುಸರಿಸುವುದು. ಆಹಾರ ಪದಾರ್ಥದ ಪೊಟ್ಟಣದ ಮೇಲೆ ಪದಾರ್ಥದ ಹೆಸರು, ತೂಕ, ತಯಾರಿಕೆಯ ದಿನ, ತಯಾರಿಸಿದವರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆಗಳು ಇರಬೇಕು. ಪ್ರಮಾಣಪತ್ರವಿಲ್ಲದೆ ಸಾವಯವವೆಂದು ಬರೆಯಬಾರದು. ಗೂಬೆಯ ಚಿತ್ರವು ಆ ಪ್ರಮಾಣಪತ್ರಕ್ಕೆ ಬದಲಾಗುವುದಿಲ್ಲ.

೬. ಒಟ್ಟಾಗಿ ನಡೆಯುವುದು. ಗೂಬೆಯು ಒಬ್ಬನ ಬೇಲಿಯೊಳಗೆ ಮಾತ್ರ ಹಾರುವ ಹಕ್ಕಿಯಲ್ಲ. ಒಬ್ಬನು ಪೆಟ್ಟಿಗೆಯಿಟ್ಟು ನೆರೆಯವನು ಪಾಷಾಣವಿಟ್ಟರೆ ಇಬ್ಬರ ಪ್ರಯತ್ನವೂ ಕೆಡುತ್ತದೆ. ಸಹಕಾರದ ಸಂಪ್ರದಾಯವು ಈ ಸೀಮೆಗೆ ಹೊಸದಲ್ಲ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ೧೯೨೩ರಲ್ಲಿಯೇ ಸ್ಥಾಪಿತವಾಯಿತು. ೨೦೧೯ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆತದ್ದು ಮೂರು ತಾಲೂಕುಗಳ ಬೆಳೆಗೆ, ಒಬ್ಬನ ತೋಟಕ್ಕಲ್ಲ.

ಗ್ರಾಮದ ಮುಖ್ಯಸ್ಥರ ಹೊಣೆ

ದೀಪಾವಳಿಯ ಸುಮಾರಿಗೆ ಮಾಟಮಂತ್ರದ ಹೆಸರಿನಲ್ಲಿ ಗೂಬೆಗಳನ್ನು ಹಿಡಿದು ಮಾರುವ ದುಷ್ಟ ವ್ಯಾಪಾರವು ದೇಶದ ಹಲವು ಕಡೆ ನಡೆಯುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಶಿಕ್ಷಾರ್ಹ ಅಪರಾಧವು. ಊರಿಗೆ ಬರುವ ಅಪರಿಚಿತರ ಮೇಲೆ ಕಣ್ಣಿಡುವುದೂ, ಸುದ್ದಿಯನ್ನು ಅರಣ್ಯ ಇಲಾಖೆಗೆ ಮುಟ್ಟಿಸುವುದೂ ಗ್ರಾಮದ ಹಿರಿಯರಿಂದ ಆಗಬೇಕಾದ ಕೆಲಸ. ಕೇರೆಹಾವನ್ನು ಕೊಲ್ಲದಂತೆ ಶಾಲೆಯ ಮಕ್ಕಳಿಗೆ ತಿಳಿಸುವುದೂ ಅವರಿಂದಲೇ ಸಾಧ್ಯವು.

ಪೊಟ್ಟಣದ ಮೇಲಣ ಚಿತ್ರವು ಕಾಗದಪತ್ರದ ಕೆಳಗೆ ಹಾಕುವ ರುಜುವಿನಂಥದು. ಪೊಟ್ಟಣದ ಮೇಲೆ ಗೂಬೆಯಿದ್ದು ತೋಟದ ಬಿಲದಲ್ಲಿ ಪಾಷಾಣವಿರುವುದಾದರೆ ಅದು ಸುಳ್ಳು ರುಜು. ಅಂಥ ಒಂದು ಸುಳ್ಳು ಹೊರಬಿದ್ದರೆ ನಷ್ಟವು ಅದನ್ನು ಮಾಡಿದವನಿಗಷ್ಟೇ ಆಗದೆ, ಅದೇ ಊರಿನ ಹೆಸರಿನಲ್ಲಿ ಮಾರುವ ಪ್ರಾಮಾಣಿಕ ಬೆಳೆಗಾರರೆಲ್ಲರಿಗೂ ತಗಲುತ್ತದೆ. ಕಾವಲುಗಾರನು ಮೊದಲು ತೋಟದಲ್ಲಿ ನೆಲೆಸಲಿ. ಪೊಟ್ಟಣದ ಮೇಲೆ ಅವನ ಚಿತ್ರವು ಆಮೇಲೆ ಬರಲಿ. ಈ ಕ್ರಮವನ್ನು ತಪ್ಪದೆ ನಡೆಸಿದಲ್ಲಿ ಎಕ್ಕಂಬಿಯ ಮೆಣಸಿನ ಪೊಟ್ಟಣದ ಮೇಲೆ ಕುಳಿತ ಹಾಲಕ್ಕಿಯನ್ನು ದೂರದ ಪಟ್ಟಣದಲ್ಲಿ ಕೊಳ್ಳುವವನೂ ನಂಬುವನು.